ಚಾವಡಿಯಲ್ಲಿ ನಿಮ್ಮಜ್ಜ ಅತ್ತು ಕೇಳಿದ್ದು

ನಿಮ್ಮಜ್ಜ ತೀರಿಕೊಂಡಾಗ ಊರಿನ ಅರ್ಧ ಜನ ಅತ್ತರು. ಉಳಿದ ಅರ್ಧ ಜನ ಸಮಾಧಾನದ ಉಸಿರು ಬಿಟ್ಟರು. ಇನ್ನು ಮೇಲೆ ಯಾವ ಸಭೆಯ ನಡುವೆಯೂ ಎದ್ದು ನಿಂತು ಪ್ರಶ್ನೆ ಕೇಳುವವರಿಲ್ಲವಲ್ಲ! ನಾನು ಯಾವ ಅರ್ಧದಲ್ಲಿದ್ದೆ ಎಂದು ಮಾತ್ರ ಕೇಳಬೇಡಿ. ಕೇಳುವ ಚಟ ನಿಮಗೂ ಇದ್ದರೆ ಅದು ಅವರ ಕಡೆಯಿಂದ ಬಂದದ್ದು, ನನ್ನ ತವರಿನ ಕಡೆಯಿಂದಲ್ಲ.

ಅವರ ಹೆಸರು ಬರೆಯುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಈಗ ಕಡಿಮೆಯಾಗಲು ಆಯುಷ್ಯವೇ ಉಳಿದಿಲ್ಲ. ಆದರೂ ಕೈ ಬರುವುದಿಲ್ಲ, ಏನು ಮಾಡಲಿ?

ಅವರು ಪ್ರಶ್ನೆ ಕೇಳುವುದಕ್ಕೆ ಒಂದು ಪದ್ಧತಿಯಿತ್ತು. ಮೊದಲು ಎದ್ದು ನಿಲ್ಲಬೇಕು. ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಳ್ಳಬೇಕು. ಕಣ್ಣು ತುಂಬಿ ಬರಬೇಕು. ಆಮೇಲೆ ಪ್ರಶ್ನೆ. ಲೋಕದಲ್ಲೆಲ್ಲ ಮೊದಲು ಗುಡುಗು, ಆಮೇಲೆ ಮಳೆ. ಇವರಲ್ಲಿ ಮೊದಲು ಮಳೆ! ಹಾಗೆ ಅತ್ತು ಕೇಳಿದ ಒಂದು ಪ್ರಶ್ನೆಗಾಗಿ ನಾನು ಅವರೊಡನೆ ಹನ್ನೊಂದು ದಿನ ಮಾತು ಬಿಟ್ಟಿದ್ದೆ. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ನಾಚಿಕೆಯ ಸಂಗತಿ, ಒಮ್ಮೆಲೇ ಬರುವುದಿಲ್ಲ. ಮೊದಲು ಬೇರೆ ಎರಡು ಮೂರು ಹೇಳುತ್ತೇನೆ.

ನಮ್ಮ ಮದುವೆಯಲ್ಲಿ ಅಯ್ಯನವರು ತಾಳಿ ಕೈಗೆ ಕೊಟ್ಟರು. ಇವರು ಅದನ್ನು ಹಿಡಿದುಕೊಂಡು ನಿಂತೇಬಿಟ್ಟರು.

"ಅಯ್ಯನೋರ, ಗಂಟು ಎಷ್ಟು ಹಾಕಬೇಕ್ರಿ?"

"ಮೂರು ಹಾಕಪ್ಪ."

"ಮೂರು ಯಾಕ್ರಿ? ಎರಡು ಹಾಕಿದ್ರ ಬಿಚ್ಚತೈತೇನು?"

ಕಣ್ಣಲ್ಲಿ ನೀರು. ವಾದ್ಯದವರು ಬಾರಿಸುವುದನ್ನು ನಿಲ್ಲಿಸಿದರು. ಅಕ್ಷತೆ ಹಿಡಿದ ಕೈಗಳು ಗಾಳಿಯಲ್ಲೇ ನಿಂತವು. ನಾನು ತಲೆ ತಗ್ಗಿಸಿ, ಈ ಮನುಷ್ಯನಿಗೆ ಮದುವೆ ಬೇಡವಾಗಿದೆಯೋ ಏನೋ ಎಂದು ಬೆವರುತ್ತಿದ್ದೆ. ಕೊನೆಗೆ ನಮ್ಮ ಸೋದರಮಾವ ಹಿಂದಿನಿಂದ ಕೂಗಿದ: "ತಮ್ಮಾ, ಬಿಚ್ಚಿದ್ರ ಮತ್ತ ಕಟ್ಟಾಕ ನಾವದೀವಿ. ಮೊದಲು ಕಟ್ಟು!"

ಶ್ರಾವಣದಲ್ಲಿ ಮಠದ ಪುರಾಣ ಕೇಳಲು ಹೋದರು. ಒಬ್ಬ ರಾಜನಿಗೆ ವೈರಾಗ್ಯ ಹುಟ್ಟಿ, ಅರಮನೆ, ಆನೆ, ಕುದುರೆ ಎಲ್ಲ ಬಿಟ್ಟು ಕಾಡಿಗೆ ನಡೆದುಬಿಟ್ಟನಂತೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇವರು ಎದ್ದು ನಿಂತರು.

"ಅಂವ ಹ್ವಾದ ಮ್ಯಾಲ ದನಕ್ಕ ಮೇವು ಯಾರು ಹಾಕಿದ್ರು?"

ಪುರಾಣಿಕರು ಸಿಡುಕಿದರು. "ರಾಜಗ ದನ ಎಲ್ಲಿದ್ವೋ?"

"ದನ ಇಲ್ಲದ ರಾಜ ಎಂಥಾ ರಾಜರಿ? ಮಜ್ಜಿಗಿ ಎಲ್ಲಿಂದ ಬರತಿತ್ತು?"

ಊರು ಎರಡು ಪಾಲಾಯಿತು. ಅಂದು ವೈರಾಗ್ಯ ಮುಂದೆ ಸಾಗಲಿಲ್ಲ. ಮರುದಿನ ಪುರಾಣದಲ್ಲಿ ಮಂತ್ರಿಗೆ ಹೊಸದಾಗಿ ಒಬ್ಬ ತಮ್ಮ ಹುಟ್ಟಿಕೊಂಡಿದ್ದ. ಹಿಂದಿನ ಯಾವ ವರ್ಷವೂ ಅವನಿರಲಿಲ್ಲ! ಅವನಿಗೆ ಒಂದೇ ಕೆಲಸ, ದನಕ್ಕೆ ಮೇವು ಹಾಕುವುದು.

ಕೊಪ್ಪಳದ ಸ್ಟೇಶನ್ನಿನಲ್ಲಿ ಗದಗಿಗೆ ಟಿಕೀಟು ಕೇಳಿದವರು, ಟಿಕೀಟು ಕೈಗೆ ಬಂದ ಮೇಲೆ ಕಿಟಕಿ ಬಿಡಲಿಲ್ಲ. "ನನಗ ನಿದ್ದಿ ಹತ್ತಿ ಗದಗ ದಾಟಿದ್ರ ತಪ್ಪು ನಂದೋ, ಗಾಡೀದೋ?" ಒಳಗಿನವರು ಒಳ್ಳೆಯವರು, ಪಾಪ, ಬಿಡಿಸಿ ಬಿಡಿಸಿ ಉತ್ತರ ಹೇಳಿದರು. ಅಷ್ಟರಲ್ಲಿ ಗಾಡಿ ಹೋಯಿತು. ಪ್ರಶ್ನೆ ಮುಗಿಯುವ ತನಕ ನಿಲ್ಲದ ಆ ಗಾಡಿಯ ಮೇಲೆ ನಿಮ್ಮಜ್ಜನಿಗೆ ಸಾಯುವ ತನಕ ಗೌರವ ಹುಟ್ಟಲಿಲ್ಲ.

ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ, ಹೇಳಿಬಿಡುತ್ತೇನೆ.

ನಮ್ಮೂರು ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಬಂಡಿ ದಾರಿಯಲ್ಲಿತ್ತು. ಊರ ಹಿಂದೆ ಹುಡೇವು ಎಂದು ಕರೆಯುವ ಹಳೆಯ ಕಾವಲು ಬುರುಜು. ಅದರ ಸುತ್ತ ಆಳೆತ್ತರದ ಕಳ್ಳಿ, ಕತ್ತಾಳೆ. ಹೆಣ್ಣುಮಕ್ಕಳು ಚರಿಗೆ ಹಿಡಿದು ಬಯಲಕಡೆಗೆ ಹೋಗುತ್ತಿದ್ದ ಜಾಗ ಅದೊಂದೇ. ಗಂಡಸರಿಗೆ ಹಳ್ಳದ ಕಡೆ. ಅವರು ಹುಡೇವಿನತ್ತ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಎತ್ತು ಹಗ್ಗ ಹರಿದುಕೊಂಡು ಆ ಕಡೆ ನುಗ್ಗಿದರೆ ದೂರ ನಿಂತು, "ಯಾರರೆ ಹೆಣ್ಣಮಕ್ಕಳು ಹೊಡಕೊಂಡು ಬರ್ರವ್ವಾ" ಎಂದು ಕೂಗುತ್ತಿದ್ದರು. ಗಂಡಸರು ಆ ಜಾಗದ ಮಾತೆತ್ತುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಅಷ್ಟು ಮರ್ಯಾದಸ್ಥರ ಊರು ನಮ್ಮದು!

ಮರ್ಯಾದೆ ಹೆಚ್ಚಾದರೆ ಏನಾಗುತ್ತದೆ ನೋಡಿ. ನಿಜಾಮರ ಕಾಲ, ದೊಡ್ಡ ಯುದ್ಧ ಮುಗಿಯುತ್ತ ಬಂದಿತ್ತು. ನಮ್ಮೂರಿಗೆ ಪಂಚಾಯತಿ ಬರುತ್ತದೆ, ಪಂಚನೊಬ್ಬನನ್ನು ಊರವರೇ ಕೈ ಎತ್ತಿ ಆರಿಸಬೇಕು ಎಂದು ಸುದ್ದಿಯಾಯಿತು. ಊರ ಸಾಹುಕಾರರು ನಿಂತರು. ಅವರಿಗೆ ಎದುರಾಗಿ ಒಬ್ಬ ಮಾಸ್ತರರು ನಿಂತರು. ನೋಡಿಕೊಳ್ಳಲು ತಾಲೂಕಿನ ಕಂದಾಯ ಅಧಿಕಾರಿ, ಗಿರ್ದಾವರ ಸಾಹೇಬರು ಬರುವವರಿದ್ದರು. ಅವರು ಬರುವ ಮೊದಲು ಊರು ಚೊಕ್ಕಟವಾಗಿ ಕಾಣಬೇಕೆಂದು ಸಾಹುಕಾರರಿಗೆ ಹೊಳೆಯಿತು. ಊರಲ್ಲಿ ಹೊಲಸು ಎಲ್ಲಿದೆ ಎಂದು ಹುಡುಕಿದರು. ಅವರ ಕಣ್ಣಿಗೆ ಬಿದ್ದದ್ದು ಹುಡೇವಿನ ಕಳ್ಳಿ! ಆಳು ಹಚ್ಚಿ ಕಡಿಸಿ, ಸುಡಿಸಿ, ನೆಲ ಸಮ ಮಾಡಿಸಿ, ಸುತ್ತ ತಂತಿ ಎಳೆಸಿ, ಚೆಂಡು ಹೂವಿನ ಬೀಜ ಹಾಕಿಸಿದರು. ಸಸಿ ಮೊಳೆಯುವ ಮೊದಲೇ ಅದಕ್ಕೆ 'ಬಾಗ್' ಎಂದು ಹೆಸರಾಯಿತು. ಯಲಬುರ್ಗಾದಲ್ಲಿ ನಿಂತು ನೋಡಿದರೂ ಕಾಣುವಂಥ ಬಯಲು!

ಹೆಂಗಸರು ಏನು ಮಾಡಿದರು? ಬಾಯಿ ಮುಚ್ಚಿಕೊಂಡರು. ಮಾತಿಗಷ್ಟೇ ಅಲ್ಲ, ಅನ್ನ ನೀರಿಗೂ. ಉಂಡರೆ ತಾನೆ, ಕುಡಿದರೆ ತಾನೆ ಹೋಗಬೇಕಾಗುವುದು! ಕತ್ತಲಾಗುವ ತನಕ ತಡೆದುಕೊಂಡು, ಗುಂಪು ಕಟ್ಟಿಕೊಂಡು ದೂರದ ಹೊಲಗಳಿಗೆ ನಡೆಯುತ್ತಿದ್ದರು.

ನಾನು ಆಗ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದವನು ನಿಮ್ಮ ದೊಡ್ಡಪ್ಪ. ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಕತ್ತಲಾಗುವ ತನಕ ನೀರು ಮುಟ್ಟುವುದನ್ನೇ ಬಿಟ್ಟೆ. ನಾಲಿಗೆ ಒಣಗಿದಾಗ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದೆ. ಕಾಲು ಬಾತವು, ಕಣ್ಣು ಕತ್ತಲೆ ಬಂತು. ಹೆರಿಗೆ ಮಾಡಿಸುವ ನೆರೆಮನೆಯ ಮುದುಕಿ ಹೊಟ್ಟೆ ಮುಟ್ಟಿ ನೋಡಿ ಬೈದಳು: "ಹಿಂಗ ನೀರು ಬಿಟ್ಟಿ ಅಂದ್ರ ಕೂಸಿನ ಆಸೆ ಬಿಟ್ಟುಬಿಡು, ನಿನ್ನ ಆಸೇನೂ ಬಿಡು."

ಹೆದರಿಕೆಯಾಯಿತು. ಆದರೆ ಗಂಡನಿಗೆ ಹೇಗೆ ಹೇಳುವುದು? ಹೆಸರನ್ನೇ ಬಾಯಿಗೆ ತಾರದವಳು ಇದನ್ನು ತರುತ್ತೇನೆಯೇ? ಅದೂ ನಿಮ್ಮಜ್ಜನಂಥವರಿಗೆ!

ಗಿರ್ದಾವರರು ಬಂದರು. ಚಾವಡಿ ತುಂಬಿತು. ಕೈ ಎತ್ತುವ ಹಕ್ಕು ಹೊಲಕ್ಕೆ ಕಂದಾಯ ಕಟ್ಟುವ ಗಂಡಸರಿಗೆ ಮಾತ್ರ. ಹೆಂಗಸರು ಚಾವಡಿಯ ಮೋಟು ಗೋಡೆಯ ಆಚೆ ಸೆರಗು ಎಳೆದುಕೊಂಡು ಕೂತಿದ್ದೆವು. ಸಾಹುಕಾರರ ತಾಯಿಗೆ ಮಾತ್ರ ಕೂಡಲು ಮಣೆ. ಇಬ್ಬರೂ ಮಾತನಾಡಬೇಕು, ಕೈ ಎತ್ತುವವರು ಸವಾಲ್, ಅಂದರೆ ಪ್ರಶ್ನೆ, ಕೇಳಬಹುದು ಎಂದು ಗಿರ್ದಾವರರ ಹುಕುಂ. ಅವರಿಗೆ ಕನ್ನಡ ಬಾರದು. ಊರ ಕುಲಕರ್ಣಿ ಪಕ್ಕದಲ್ಲಿ ನಿಂತು ಉರ್ದುವಿನಲ್ಲಿ ತಿಳಿಸಿ ಹೇಳುತ್ತಿದ್ದರು.

ಮಾಸ್ತರರು ಪ್ರಜೆ ಎಂದರೇನು, ಪ್ರಭು ಎಂದರೇನು ಎಂಬಲ್ಲಿಂದ ಹೊರಟರು. ಊಟದ ಹೊತ್ತಾದರೂ ನಮ್ಮ ಊರು ಮುಟ್ಟಲಿಲ್ಲ.

ಸಾಹುಕಾರರು ಹಾಗಲ್ಲ, ನೇರವಾಗಿ ಊರಿನಲ್ಲೇ ಇಳಿದರು. "ಮೋಟಾರು ಬರೂವಂಗ ರಸ್ತಾ ಮಾಡಸ್ತೀನಿ. ಸಾಲಿಗೆ ಹಂಚು ಹಾಕಸ್ತೀನಿ. ಆ ಹಾಳು ಕಳ್ಳಿ ಕಡಿಸಿ ಬಾಗ್ ಮಾಡೀನಿ, ನೋಡೀರಿಲ್ಲ? ಹಾವು ಚೇಳು ಎಲ್ಲಾ ಓಡಿಹೋಗ್ಯಾವ. ನಮ್ಮೂರು ಈಗ ಹೈದರಾಬಾದ್ ಆಗೈತಿ!"

ಗಂಡಸರು ಚಪ್ಪಾಳೆ ತಟ್ಟಿದರು. ಗಿರ್ದಾವರರು "ಶಾಬಾಶ್" ಎಂದರು. ಗೋಡೆಯಾಚೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಯಾರದರೆ ಸವಾಲ್ ಐತೇನ್ರಿ?" ಎಂದರು ಕುಲಕರ್ಣಿ. ಇಡೀ ಚಾವಡಿ ಒಂದೇ ಕಡೆ ತಿರುಗಿತು. ನಿಮ್ಮಜ್ಜನ ಎಡಕ್ಕೊಬ್ಬ ಬಲಕ್ಕೊಬ್ಬ ಕೂತು ಭುಜ ಒತ್ತಿ ಹಿಡಿದಿದ್ದರು. ಇಬ್ಬರನ್ನೂ ಹೊತ್ತುಕೊಂಡೇ ಎದ್ದರು! ವಸ್ತ್ರ ಕೈಗೆ ಬಂತು. ಕಣ್ಣು ತುಂಬಿತು.

"ಸಾಹುಕಾರ್ರ, ನಂದೊಂದು ಸವಾಲ್ ಐತ್ರಿ."

"ಕೇಳೋ ಮಾರಾಯಾ. ದನಕ್ಕ ಮೇವು ಯಾರು ಹಾಕಬೇಕು ಅಂತ ಹೌದಿಲ್ಲೋ?"

ಎಲ್ಲರೂ ನಕ್ಕರು.

"ದನದ ಸುದ್ದಿ ಅಲ್ರಿ. ದನಕ್ಕೇನು, ಬೇಕಾದಲ್ಲಿ ಹೋಗತಾವು. ಇದು ನನ್ನ ಹೇಂತಿ ಸುದ್ದಿ."

ನಾನು ಮುಂದೆ ಕೂತವಳ ಬೆನ್ನ ಹಿಂದೆ ಸರಿದೆ.

"ಆಕೀಗೆ ಈಗ ಏಳು ತಿಂಗಳು. ನೀವು ಕಳ್ಳಿ ಕಡಿಸಿದ ದಿನದಿಂದ ಆಕಿ ನೀರು ಕುಡಿಯೂದು ಬಿಟ್ಟಾಳ. ಕುಡದ್ರ ಹೋಗಬೇಕಲ್ರಿ? ಎಲ್ಲಿಗೆ ಹೋಗಬೇಕು? ನಿಮ್ಮ ಚೆಂಡು ಹೂವಿನ ಗಿಡ ಇನ್ನಾ ಮೊಳಕಾಲಿಗೂ ಬಂದಿಲ್ಲ. ಮೋಟಾರು ಆಮ್ಯಾಲ ಬರಲಿ. ಈಗ ಹೇಳ್ರಿ, ನನ್ನ ಹೇಂತಿ ಎಲ್ಲಿಗೆ ಹೋಗಬೇಕು?"

ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನಾನು ಸೆರಗನ್ನು ಗಲ್ಲದ ತನಕ ಎಳೆದುಕೊಂಡೆ. ಅದಕ್ಕಿಂತ ಉದ್ದ ಇದ್ದಿದ್ದರೆ ಕಾಲಿನ ತನಕ ಎಳೆಯುತ್ತಿದ್ದೆ.

ಗಿರ್ದಾವರರು, ಈತ ಏಕೆ ಅಳುತ್ತಾನೆ ಎಂದು ಕುಲಕರ್ಣಿಯನ್ನು ಕೇಳಿದರು. ಕುಲಕರ್ಣಿ ಮರ್ಯಾದಸ್ಥರು. ಬೆವರೊರೆಸಿಕೊಂಡು, ಇವನ ಬಸುರಿ ಹೆಂಡತಿಗೆ ಹೋಗಲು ಜಾಗವಿಲ್ಲವಂತೆ ಎಂದಷ್ಟೇ ಹೇಳಿದರು. ಗಿರ್ದಾವರರಿಗೆ ಮರುಕ ಬಂತು. ಹಾಗಿದ್ದರೆ ತವರಿಗೆ ಕಳಿಸಲಿ, ಇದಕ್ಕೇಕೆ ಅಳಬೇಕು ಎಂದರು.

ಸಾಹುಕಾರರಿಗೆ ಜೀವ ಬಂತು. "ಹೌದ್ಹೌದು, ತವರಿಗೆ ಕಳಸು!"

"ಊರಾಗಿನ ಹೆಣ್ಣಮಕ್ಕಳನ್ನೆಲ್ಲಾ ತವರಿಗೆ ಕಳಸೂದೇನ್ರಿ? ನಿಮ್ಮ ಅವ್ವಾರನ್ನೂ?"

ಆಗ ಗೋಡೆಯಾಚೆಯಿಂದ, ಮಣೆಯ ಮೇಲಿಂದ ಮುದಿ ದನಿ ಎದ್ದಿತು.

"ನನ್ನ ತವರು ಮಣ್ಣಾಗಿ ಭಾಳ ವರ್ಷ ಆತೋ ತಮ್ಮಾ. ನಾ ಎಲ್ಲಿಗೆ ಹೋಗಲಿ? ನಿನ್ನ ಬಾಗ್ ಆದಾಗಿಂದ ಒಪ್ಪತ್ತು ಉಣ್ಣಾಕತ್ತೀನಿ. ನಮ್ಮವ್ವ ಕಡಕ್ ವ್ರತ ಹಿಡದಾಳ ಅಂತ ಊರ ತುಂಬ ಹೇಳಿಕೋತ ತಿರಗೀದೆಲ್ಲ! ಯಾವ ದೇವರ ವ್ರತ ಅಂತ ಒಂದು ದಿನಾರ ಕೇಳೀದೇನು?"

ಸಾಹುಕಾರರು ರುಮಾಲು ತೆಗೆದರು, ಮತ್ತೆ ಸುತ್ತಿಕೊಂಡರು. ಇದೇ ಸಂದು ಎಂದು ಮಾಸ್ತರರು ಮುಂದೆ ಹಾರಿದರು. "ನನ್ನನ್ನು ಆರಿಸಿದರೆ ಸ್ತ್ರೀಯರಿಗಾಗಿ ಒಂದು... ಒಂದು..." ಅಲ್ಲಿಗೇ ನಿಂತರು. ಅಷ್ಟು ಸಂಸ್ಕೃತ ಬಲ್ಲವರಿಗೂ ಆ ಜಾಗಕ್ಕೆ ಹೇಳಿಕೊಳ್ಳುವಂಥ ಶಬ್ದ ಸಿಗಲಿಲ್ಲ.

ಕೈ ಎತ್ತಿಸಿದರು. ಯಾರು ಗೆದ್ದರು ಎನ್ನುತ್ತೀರಿ? ಸಾಹುಕಾರರೇ! ಬಿತ್ತುವ ಬೀಜಕ್ಕೆ ಎಲ್ಲರೂ ಅವರ ಮನೆಗೇ ಹೋಗಬೇಕಲ್ಲ, ಕೈ ತಾವಾಗಿಯೇ ಏಳುತ್ತವೆ. ನಿಮ್ಮಜ್ಜ ಯಾರಿಗೂ ಎತ್ತಲಿಲ್ಲ. ಎರಡು ಕೈಯಿಂದಲೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೆ ಪಂಚರಾದವರು ಅಂದು ಮನೆಗೆ ಹೋದರೆ ಒಲೆ ಹೊತ್ತಿರಲಿಲ್ಲ. ಹುಡೇವಿನಲ್ಲಿ ಹೆಂಗಸರ ಮರೆಗೆ ಗೋಡೆಯ ಕೆಲಸ ಹಚ್ಚುವ ತನಕ ಈ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ ಎಂದು ತಾಯಿ ಸೊಸೆಯರನ್ನೆಲ್ಲ ಕೂಡಿಸಿಕೊಂಡು ಕೂತಿದ್ದರು. ಮರುದಿನವೇ ತಂತಿ ಕಿತ್ತರು. ಕಂಬ ನೆಟ್ಟು ಕಂಬಳಿ ಕಟ್ಟಿದರು. ಅದರ ಹಿಂದೆ ಕಲ್ಲು ಮಣ್ಣಿನ ಗೋಡೆ ಏಳತೊಡಗಿತು. ಮುಂದೆ ಯಾವ ಅಧಿಕಾರಿ ಬಂದರೂ ಸಾಹುಕಾರರು ದೂರದಿಂದ ಬೆರಳು ಮಾಡಿ, "ಅದು ನನ್ನ ವಿಚಾರರಿ" ಎನ್ನುತ್ತಿದ್ದರು. ಇರಲಿ, ಗೋಡೆ ಯಾರ ವಿಚಾರವಾದರೇನು!

ನನ್ನ ಪಾಡು ಕೇಳಿ. ಬಾವಿಗೆ ಹೋದರೆ, "ಏನವಾ, ನಿನ್ನ ಗಂಡ ನಿನ್ನ ಸುದ್ದಿ ಹೈದರಾಬಾದಿಗೇ ಮುಟ್ಟಿಸಿದನಲ್ಲ!" ಎಂದು ನಗುತ್ತಿದ್ದರು. ಕಂಬಳಿಯ ಹಿಂದೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವರೂ ಅವರೇ. ಆ ನಗೆಗೆ ಹೆದರಿ ನಾನು ಮಾತ್ರ ಕತ್ತಲಾಗುವ ತನಕ ಆ ಕಡೆ ಹೋಗುತ್ತಿರಲಿಲ್ಲ, ನೀರೂ ಮುಟ್ಟುತ್ತಿರಲಿಲ್ಲ. ನಾನು ನಾಚಿಕೆಗೂ ಸಿಟ್ಟಿಗೂ ಗಂಡನೊಡನೆ ಮಾತು ಬಿಟ್ಟೆ. ರೊಟ್ಟಿ ಮುಂದಿಟ್ಟು ಗೋಡೆ ನೋಡುತ್ತಿದ್ದೆ. "ಉಪ್ಪು ಹಾಕೀಯೇನು?" ಉತ್ತರವಿಲ್ಲ. "ಕಾಲು ಬಾವು ಇಳದೈತೇನು?" ಉತ್ತರವಿಲ್ಲ. ಕೊನೆಗೆ ಅಂಗಳದ ಕೋಳಿಯನ್ನು ಕೇಳುತ್ತಿದ್ದರು: "ನಿಮ್ಮ ಅಕ್ಕಾರು ಇವತ್ತರ ಮಾತಾಡ್ತಾರೇನು?"

ಹನ್ನೆರಡನೆಯ ದಿನ ಗೋಡೆ ಮುಗಿಯಿತು ಎಂದು ಸುದ್ದಿ ಬಂತು. ಅವರು ಉಂಡು ಕೈ ತೊಳೆಯುತ್ತಿದ್ದರು. ನನ್ನೊಳಗೆ ಅಷ್ಟು ದಿನ ಕುದಿಯುತ್ತಿದ್ದದ್ದು ಹೊರಗೆ ಬಂತು. ಅದು ನಾನು ಅವರಿಗೆ ಕೇಳಿದ ಮೊದಲ ಪ್ರಶ್ನೆ.

"ನಾ ನೀರು ಬಿಟ್ಟದ್ದು ಯಾರಿಗೂ ಹೇಳಿರಲಿಲ್ಲ. ನಿಮಗ ಯಾರು ಹೇಳಿದ್ರು, ಮಗ್ಗಲಮನಿ ಮುದುಕಿ ಹೇಳಿದಳೇನು?"

ಲೋಕವನ್ನೆಲ್ಲ ಕೇಳಿದ ಮನುಷ್ಯನಿಗೆ ಉತ್ತರ ಕೊಡುವ ರೂಢಿಯಿರಲಿಲ್ಲ. ಹೊಸ ಮದುಮಗನ ಹಾಗೆ ತಲೆ ತಗ್ಗಿಸಿದರು. ಅಂದು ಕಣ್ಣಲ್ಲಿ ನೀರೂ ಬರಲಿಲ್ಲ.

"ಯಾರೂ ಹೇಳಿಲ್ಲ. ನಾ ಉಂಡು ಹೊರಗ ಕಟ್ಟಿ ಮ್ಯಾಲ ಕೂಡತೀನಲ್ಲ, ಆವಾಗ ನೀ ಉಣತಿ. ಉಂಡ ಮ್ಯಾಲ ಕೊಡದಾಗ ತಂಬಿಗಿ ಅದ್ದೂ ಸಪ್ಪಳ ಬರತೈತಿ. ಅದು ಕೇಳಿದ ಮ್ಯಾಲ ನಾ ಹೊಲಕ್ಕ ಏಳೂದು. ಕಳ್ಳಿ ಕಡದ ದಿನದಿಂದ ಸಪ್ಪಳ ಬರಲಿಲ್ಲ. ದಿನಾ ಕಾಯ್ದೆ, ಬರಲಿಲ್ಲ."

ಹೇಳಿ ಎದ್ದುಹೋಗಿ ಕಟ್ಟೆಯ ಮೇಲೆ ಕೂತರು.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಊಟವಾದ ಮೇಲೆ ಅವರು ಕಟ್ಟೆಗೆ ಕೂಡುವುದು ಹೋಗಿಬರುವವರನ್ನು ಹಿಡಿದು ಪ್ರಶ್ನೆ ಕೇಳಲಿಕ್ಕೆ ಎಂದೇ ನಾನು ತಿಳಿದಿದ್ದೆ.

ನಾನು ಒಳಗೆ ಹೋದೆ. ಊಟಕ್ಕೂ ಕೂಡದೆ, ಕೊಡದಲ್ಲಿ ತಂಬಿಗೆ ಅದ್ದಿ ನಿಂತುಕೊಂಡೇ ಗಟಗಟ ಕುಡಿದೆ. ಎರಡನೆಯ ಸಲ ಅದ್ದುವಾಗ ತಂಬಿಗೆಯನ್ನು ಕೊಡದ ಕಂಠಕ್ಕೆ ಬೇಕೆಂದೇ ಜೋರಾಗಿ ತಗುಲಿಸಿದೆ. ಹೊರಗೆ ಅವರು ಕಟ್ಟೆಯಿಂದ ಇಳಿದು, ಎತ್ತು ಬಿಚ್ಚಿಕೊಂಡು ಹೊಲದ ಕಡೆ ನಡೆದ ಸಪ್ಪಳ ಕೇಳಿಸಿತು.