ಅಪ್ಪ ಮೂಸಿ ನೋಡಿದ ಬೇಸ್‌ಬಾಲ್ ಕಾರ್ಡು

ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿಯೂ ನನಗೆ ಸಿಗರೇಟಿನ ಚಟ ಹತ್ತಲಿಲ್ಲ. ಹತ್ತಿದ್ದು ಸಿಗರೇಟು ಪ್ಯಾಕಿನ ಚಟ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಸೇದುವವನನ್ನು ಕೆಮ್ಮಾದರೂ ಬಂದು ಎಚ್ಚರಿಸುತ್ತದೆ, ಕೂಡಿಡುವವನಿಗೆ ಆ ಭಾಗ್ಯವೂ ಇಲ್ಲ. ಹನಗೋಡಿನ ರಸ್ತೆಬದಿಯಲ್ಲಿ ಬಿದ್ದ ಖಾಲಿ ಪ್ಯಾಕುಗಳನ್ನು ಆರಿಸಿ ಟ್ರಂಕಿಗೆ ತುಂಬುತ್ತಿದ್ದ ಕಾಲದಿಂದ ನನ್ನ ಬುದ್ಧಿ ಒಂದಂಗುಲವೂ ಮುಂದೆ ಬಂದಿಲ್ಲ, ತಲೆಗೂದಲು ಮಾತ್ರ ಹಿಂದೆ ಹೋಗಿದೆ. ಹುಣಸೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ದಿನವಿಡೀ ಟಿ.ಸಿ. ಬರೆದು, ಬೇಸರ ಕಳೆಯಲು ಬಸ್ ಸ್ಟ್ಯಾಂಡಿನ ಪಕ್ಕದ ಇಂಟರ್‌ನೆಟ್ ಸೆಂಟರಿಗೆ ಹೋಗಿ ಕೂರಲು ಶುರುಮಾಡಿದ ಮೇಲೆ ಈ ಚಟಕ್ಕೆ ವಿದೇಶಯೋಗ ಬಂತು. ನೂರು ವರ್ಷದ ಹಿಂದೆ ಅಮೆರಿಕದವರು ಸಿಗರೇಟು ಪ್ಯಾಕಿನೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಪುಟ್ಟ ಕಾರ್ಡು ಇಡುತ್ತಿದ್ದರಂತೆ. ಈಗ ಅವು ಇಂಟರ್‌ನೆಟ್ಟಿನಲ್ಲಿ ಹರಾಜಾಗುತ್ತವಂತೆ. ಬೇಸ್‌ಬಾಲ್ ಎಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ; ಚಿನ್ನಿದಾಂಡು ಆಡಲು ಬಾರದವರು ಆಡುವ ಆಟವಿರಬೇಕು. ಆದರೆ ಹರಾಜು ಗೊತ್ತು. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಅಪ್ಪನ ಬೆರಳು ಹಿಡಿದು ಬೆಳೆದವನು ನಾನು. ಕೂಗಿಯೇಬಿಟ್ಟೆ, ಕಾರ್ಡು ನನ್ನ ಪಾಲಾಯಿತು.

ಎರಡು ತಿಂಗಳಾದ ಮೇಲೆ ಅದು ಲಕೋಟೆಯಲ್ಲಿ ಬಂತು. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಅದರಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ, ಸಾಲ ಕೊಟ್ಟವನನ್ನು ಕಂಡವನ ಹಾಗೆ ಪಕ್ಕಕ್ಕೆ ನೋಡುತ್ತಿದ್ದ. ನನ್ನ ಹೆಂಡತಿ ಜಯಂತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಿಗರೇಟು ಸೇದ್ದೇ ಇರೋ ಗಂಡು ಅಂತ ನಮ್ಮಪ್ಪ ನಿಮಗೆ ಕೊಟ್ರು. ನೋಡುದ್ರೆ ಯಾವನೋ ಸೇದಿ ಬಿಸಾಕಿದ ಕಸನ ಅಮೆರಿಕದಿಂದ ತರಿಸ್ಕತೀರಲ್ರೀ," ಎಂದಳು. ಅದು ನಾಟಲಿಲ್ಲ. ನಾಟಿದ್ದು ಆಮೇಲೆ ಹುಟ್ಟಿದ ಅನುಮಾನ. ಇಂಥ ಕಾರ್ಡುಗಳಲ್ಲಿ ನಕಲಿಯೇ ಹೆಚ್ಚು ಎಂದು ಇಂಟರ್‌ನೆಟ್ಟಿನ ಬಲ್ಲವರು ಬರೆದಿದ್ದರು. ನಕಲಿಯಾದರೆ ಕೈಸೇರಿದ ಹದಿನೈದು ದಿನದೊಳಗೆ ತಿಳಿಸಿ, ವಾಪಸು ತಗೊಳ್ಳುತ್ತೇನೆ ಎಂದು ಮಾರಿದವನೂ ಬರೆದಿದ್ದ. ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಭೂತಗನ್ನಡಿ ಹಿಡಿದು ಬಣ್ಣದಲ್ಲಿ ಚುಕ್ಕಿಗಳಿವೆಯೇ ಎಂದು ಹುಡುಕಿದೆ, ಚುಕ್ಕಿಯಿದ್ದರೆ ಹೊಸ ಮುದ್ರಣವಂತೆ. ಕಂಡ ಚುಕ್ಕಿ ಕಾರ್ಡಿನದೋ ನನ್ನ ಕಣ್ಣಿನದೋ ತಿಳಿಯಲಿಲ್ಲ. ನೀಲಿ ದೀಪದಡಿ ಹೊಳೆದರೆ ಹೊಸ ಕಾಗದವಂತೆ. ಬಟ್ಟೆ ಅಂಗಡಿಯಲ್ಲಿ ಕಳ್ಳನೋಟು ಹಿಡಿಯುವ ಯಂತ್ರವಿತ್ತು, ಅಲ್ಲಿಗೂ ಹೋದೆ. ಒಂದು ಮೂಲೆ ಹೊಳೆಯಿತು, ಮೂರು ಹೊಳೆಯಲಿಲ್ಲ. ಅಂಗಡಿಯವನು, "ಗಾಂಧೀನೇ ಇಲ್ವಲ್ಲ ಸಾ, ಅಸಲಿ ಅಂತ ಎಂಗೇಳದು?" ಎಂದು ಕೈತೊಳೆದುಕೊಂಡ.

ಹನ್ನೊಂದನೆಯ ದಿನ ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅಪ್ಪನ ನೆನಪಾಯಿತು. ನೆನಪಾಗಲು ಅವರೇನು ದೂರದಲ್ಲಿರಲಿಲ್ಲ, ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದರು. ನಲವತ್ತು ವರ್ಷ ಹೊಗೆಸೊಪ್ಪಿನ ಗ್ರೇಡು ಬಿಡಿಸಿದವರು ಅವರು. ಎಲೆಯನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಮೇಲ್ದರ್ಜೆಯ ಬ್ರೈಟು ಎಂದರೆ ಬ್ರೈಟೇ. ಪಿರಿಯಾಪಟ್ಟಣದಿಂದೆಲ್ಲ ಜನ ಹರಾಜಿಗೆ ಸೊಪ್ಪಿನ ಬೇಲು ಕಟ್ಟುವ ಮೊದಲು ಅವರನ್ನು ಕೇಳಲು ಬರುತ್ತಿದ್ದರು. ಮಂಡಿನೋವು ಹೆಚ್ಚಾಗಿ ನನ್ನ ಮನೆಗೆ ಬಂದಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ದಿನಕ್ಕೆ ಎರಡು ಸಲ ಕ್ಯಾಲೆಂಡರ್ ಓದುತ್ತಿದ್ದರು. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು, ಆಮೇಲೆ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದೆ. ಕಾರ್ಡು ಕೊಟ್ಟು, "ಅಪ್ಪ, ಇದು ತಂಬಾಕಿನ ಜೊತೆ ಇದ್ದದ್ದು ಅಂತಾರೆ. ದಿಟವಾ ಅಂತ ಒಸಿ ನೋಡು," ಎಂದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಇಟ್ಟೋಗು. ಅವಸ್ರ ಮಾಡ್ಬ್ಯಾಡ," ಎಂದರು. ಆ ದನಿ ಕೇಳಿ ಬಹಳ ದಿನವಾಗಿತ್ತು.

ಸಂಜೆ ಬಾಗಿಲು ತೆಗೆದರೆ ಮನೆ ತುಂಬ ಸೀದ ವಾಸನೆ. ಜಯಂತಿ ಒಲೆ ಮೇಲೆ ಹಾಲಿಟ್ಟು, ಮಾವನಿಗೆ ನೋಡಿಕೊಳ್ಳಲು ಹೇಳಿ ಹೂವು ತರಲು ಹೋಗಿದ್ದಳು. ಪಾತ್ರೆ ಕರಿ ಇದ್ದಿಲಾಗಿತ್ತು. ಮೂಗು ಮುಚ್ಚಿಕೊಂಡು ಒಲೆ ಆರಿಸಿ ಬಂದೆ. ಅಪ್ಪ ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದರು, ಮುಂದೆ ಒದ್ದೆ ಗೋಣಿಚೀಲ. ಒಣಗಿದ ಸೊಪ್ಪನ್ನು ಹಾಗೇ ಮುಟ್ಟಿದರೆ ಪುಡಿಯಾಗುತ್ತದೆ, ತೇವ ಕೊಟ್ಟು ಹದಕ್ಕೆ ತಂದೇ ನೋಡಬೇಕು. ಅಪ್ಪ ನನ್ನ ಕಾರ್ಡನ್ನೂ ಬೆಳಿಗ್ಗೆಯಿಂದ ಹದಕ್ಕೆ ಹಾಕಿದ್ದರು! ಗೋಣಿ ಬಿಡಿಸಿದರೆ ಟೋಪಿಯ ಮನುಷ್ಯ ಬೆನ್ನಿನ ಕಾಗದ ಬಿಟ್ಟು ಕಿತ್ತುಬಂದಿದ್ದ, ಮುಖ ಗೋಣಿಗೆ ಮೆತ್ತಿಕೊಂಡಿತ್ತು. ಅಪ್ಪ ಉಳಿದ ಚೂರನ್ನು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ, ಉಸಿರು ಎಳೆದು ಹೇಳಿದರು: "ಅಸಲಿ ಕಣ್ಲಾ. ತಂಬಾಕಿನ ವಾಸ್ನೆ ಇನ್ನೂ ಅಂಗೇ ಅದೆ."

"ಅಪ್ಪ, ಆಲು ಸೀದು ಮನೆಯೆಲ್ಲ ನಾರ್ತಾ ಅದೆ," ಎಂದೆ.

"ಔದಾ?" ಎಂದು ಅಡುಗೆಮನೆಯ ಕಡೆ ತಿರುಗಿದರು. ಕಣ್ಣಲ್ಲಿ ನೋಡಿದರೆ ವಾಸನೆ ಕಾಣುತ್ತದೇನೋ ಎಂಬಂತೆ ನೋಡಿದರು. ನಾನು ಅವರ ಮುಂದೆ ಕುಕ್ಕರಿಸಿ ಕೂತು ಕೇಳಿದೆ:

"ಯಾವತ್ತಿಂದ ಇಂಗೆ?"

"ಎಲ್ಡು ವರ್ಸಾಯ್ತು ಬುಡು."

"ನಂಗ್ಯಾಕೆ ಏಳ್ನಿಲ್ಲ?"

"ನೀನ್ ಯಾವಾಗ್ಲಾ ಕೇಳ್ದೆ? ಇವತ್ತೇ ಅಲ್ವಾ ಏನಾರ ಕೇಳಿದ್ದು. ನಂಗಾಗಲ್ಲ ಅನ್ನಕೆ ಮನ್ಸು ಬರ್ನಿಲ್ಲ," ಎಂದರು. ಆಮೇಲೆ ಗೋಣಿಯನ್ನು ಮೆಲ್ಲಗೆ ಮಡಚಿ, "ಆಳಾಗೋಯ್ತಾ ಅದು?" ಎಂದು ಕೇಳಿದರು.

ಇಲ್ಲ ಎಂದೆ. ಭೂತಗನ್ನಡಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿ ಹುಡುಕಿದ ಮಹಾಶಯ ನಾನು. ದಿನಾ ಮೂರು ಹೊತ್ತು ಎದುರಿಗೆ ಕೂರುವ ಅಪ್ಪನಿಗೆ ಸಾರಿನ ಒಗ್ಗರಣೆಯೂ ಗೊತ್ತಾಗುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಮರುದಿನ ಇಂಟರ್‌ನೆಟ್ ಸೆಂಟರಿಗೆ ಹೋಗಿ, ಕಾಗುಣಿತದ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಆ ಅಮೆರಿಕದವನಿಗೆ ಬರೆದೆ: ಸ್ವಾಮಿ, ಕಾರ್ಡು ಅಸಲಿ. ನಲವತ್ತು ವರ್ಷ ಈ ಕೆಲಸ ಮಾಡಿದ ನಮ್ಮ ತಂದೆಯವರು ಮೂಸಿ ನೋಡಿದ್ದಾರೆ.