ಬೆಲ್ಲ ನೀರು ಬೇಡವೆಂದ ವರದಿಗಾರ

ಕಾಪುವಿನ ರಾಮದಾಸನ ಗ್ರಹಚಾರ ಕೆಟ್ಟದ್ದು ಒಂದು ತುಂಡು ಬೆಲ್ಲದಿಂದ.

ಉಡುಪಿಯ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆಯುತ್ತಿದ್ದ ಅವನಿಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎಂಬತ್ತಮೂರರ ಮಳೆಗಾಲದಲ್ಲಿ ಆ ಪತ್ರಿಕೆಯ ಸಂಪಾದಕರು ಯಾವುದೋ ಸಭೆಗೆ ಹೋಗಿ ಬಂದವರೇ ಪತ್ರಕರ್ತರಿಗೊಂದು ನೀತಿ ಸಂಹಿತೆ ಮಾಡಿಬಿಟ್ಟರು.

"ಸುದ್ದಿ ಕೊಡುವವರ ಮನೆಯಲ್ಲಿ ಒಂದು ಹನಿ ನೀರೂ ಮುಟ್ಟಬಾರದು ರಾಮದಾಸ. ನಾಳೆ ಸಂಜೆ ನಾನೇ ಬಂದು ವಿಚಾರಿಸ್ತೇನೆ. ಸರಿ ಕಂಡರೆ ಕಾಯಂ ಆರ್ಡರು ಕೈಗೇ ಕೊಡ್ತೇನೆ."

ಮರುದಿನ ಬೆಳಗ್ಗೆ, ಊರ ಹಳ್ಳವಾದ ತೋಡಿಗೆ ಹಾಕಿದ್ದ ಮರದ ಸಂಕ, ಅಂದರೆ ಕಾಲುಸೇತುವೆ, ನೆರೆಗೆ ಕೊಚ್ಚಿಹೋದ ಸುದ್ದಿ ಕೇಳಲು ರಾಮದಾಸ ತೋಡಿನ ಬದಿಯ ಜೆರ್ಟ್ರೂಡ್ ಬಾಯಿಯ ಮನೆಗೆ ಹೋದ. ಕೊಡೆ ಮಡಚುವ ಮೊದಲೇ ಬೆಲ್ಲ ನೀರು ಬಂತು. ಈ ಕಡೆ ಹುಟ್ಟಾ ವೈರಿ ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಬೈಗುಳ.

"ಬೇಡ ಬಾಯಮ್ಮ. ನಮ್ಮ ಪತ್ರಿಕೆಯ ನಿಯಮ."

"ನೀರು ಕುಡೀಬಾರದು ಅಂತ ಯಾವ ಪತ್ರಿಕೆ ಹೇಳ್ತದೆ ಮಾರಾಯ? ಸಕ್ಕರೆ ಕಾಯಿಲೆ ಉಂಟು ಅಂತ ಹೇಳು, ನಾಚಿಕೆ ಎಂತದು!"

ಪಕ್ಕದ ಮನೆಯ ಶೀನ ಸೀಯಾಳ ಕೆತ್ತಿ ಹಿಡಿದ. ಅದೂ ಬೇಡವಾಯಿತು.

"ಹಾಗಾದರೆ ಸಕ್ಕರೆಯದ್ದಲ್ಲ, ಹೊಟ್ಟೆಯದ್ದೇ!" ಎಂದ ಶೀನ.

ರಾಮದಾಸ ಸೊಂಟದವರೆಗಿನ ನೀರಿನಲ್ಲಿ ತೋಡು ದಾಟುವಷ್ಟರಲ್ಲಿ ಊರಿನವರು ಅವನಿಗೆ ಆಪರೇಶನ್ ಮಾಡಿಸಿ, ಡಾಕ್ಟರರಿಂದ ಕೈಬಿಡಿಸಿ, ಹೆಂಡತಿ ಸುಭಾಷಿಣಿಗೆ ಇನ್ನಾರು ಗತಿ ಎಂದು ಕಣ್ಣೊರೆಸಿಕೊಂಡೂ ಆಗಿತ್ತು.

ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಮದ್ದಲೆಯಷ್ಟು ದೊಡ್ಡ ಹಲಸಿನ ಹಣ್ಣು. ಸುತ್ತ ಜೆರ್ಟ್ರೂಡ್ ಬಾಯಿ, ಶೀನ, ಅರ್ಧ ಊರು.

"ಇದೆಲ್ಲ ಎಂತ ಮಾರಾಯ್ತಿ?" ಅಂದರೆ ಸುಭಾಷಿಣಿ, "ರೋಗಿಯನ್ನು ನೋಡ್ಲಿಕ್ಕೆ ಯಾರಾದರೂ ಬರಿಗೈಯಲ್ಲಿ ಬರ್ತಾರಾ?" ಎಂದಳು.

ಅಷ್ಟರಲ್ಲೇ ಸಂಪಾದಕರ ಸ್ಕೂಟರು ಬಂದು ನಿಂತಿತು.

"ಎಂತದು ರಾಮದಾಸ! ಸಂತೆಯನ್ನೇ ಹೊತ್ತುಕೊಂಡು ಬಂದಿದ್ದೀಯಲ್ಲ!"

ಜೆರ್ಟ್ರೂಡ್ ಬಾಯಿಯೇ ಮುಂದೆ ಬಂದಳು. "ಅವನಿಗೆ ಬೈಬೇಡಿ ಸಾರ್. ಬೆಳಗ್ಗೆಯಿಂದ ಯಾರ ಮನೆಯಲ್ಲೂ ಒಂದು ಹನಿ ಮುಟ್ಟಲಿಲ್ಲ. ಅದಕ್ಕೇ ನಾವು ಇಷ್ಟೆಲ್ಲ ತಂದದ್ದು. ಈ ಜೀವ ಉಳೀತದಾ ಸಾರ್?"

ಸಂಪಾದಕರು ರಾಮದಾಸನನ್ನು ಬಾಚಿ ತಬ್ಬಿಕೊಂಡರು. "ಭೇಷ್! ಇಡೀ ಊರೇ ಸಾಕ್ಷಿ! ನಾಡಿದ್ದು ಮೊದಲ ಪುಟದಲ್ಲಿ ನಿನ್ನದೇ ಸುದ್ದಿ, ಪಕ್ಕದಲ್ಲೇ ಸಂಕದ್ದು."

"ಆರ್ಡರು, ಸಾರ್?"

ಜೇಬಿನಿಂದ ಅರ್ಧ ಹೊರಬಂದ ಲಕೋಟೆ ಅಲ್ಲೇ ನಿಂತಿತು. "ಛೆ, ಈಗ ಹೇಗೆ ಕೊಡುವುದು? ನೀನೇ ಸುದ್ದಿ ಆದೆಯಲ್ಲ! ಸುದ್ದಿಯವರ ಹತ್ತಿರ ತಗೊಳ್ಳುವುದು ತಪ್ಪಾದರೆ ಅವರಿಗೆ ಕೊಡುವುದೂ ತಪ್ಪೇ ಅಲ್ವಾ? ಬರುವ ವರ್ಷ ನೋಡುವ."

ಆ ಎರಡು ಸುದ್ದಿಗಳನ್ನು ಜಿಲ್ಲೆಯೇ ಓದಿತು. ಬೇಸಗೆ ಮುಗಿಯುವುದರೊಳಗೆ ತೋಡಿಗೆ ಆನೆ ನಡೆದರೂ ಅಲುಗದ ಕಲ್ಲಿನ ಸಂಕ ಬಂತು. ಊರಿನವರು ರಾಮದಾಸನನ್ನೇ ಮೊದಲು ದಾಟಿಸಿದರು. ಅವನೂ ಎದೆಯುಬ್ಬಿಸಿ ದಾಟಿದ. ಆ ವರ್ಷ ಕಾಪುವಿನಲ್ಲಿ ಕಾಯಂ ಆದದ್ದು ಆ ಸಂಕ ಒಂದೇ.