ಮಹಾಪ್ರಾಣ ಬಿಟ್ಟ ಪತ್ರ

ಇತಿಹಾಸದ ಮೇಷ್ಟ್ರು ಕಟ್ಟು ಬಿಚ್ಚಿ ನೋಡಲಿಲ್ಲ, ಎಡವಟ್ಟಾದದ್ದು ಅಲ್ಲೇ. "ಒಂದ್ಸಲ ಓದ್ಕೊಂಡು ಹೋಗಿ ಮೇಷ್ಟ್ರೇ" ಎಂದು ಶಾಲೆಯ ಗ್ರಂಥಪಾಲಕರು ಬಡಕೊಂಡರೂ ಕೇಳದೆ, ಹಳೇ ಪತ್ರಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ತರಗತಿಗೆ ಓಡಿದರು. ಪಾಪ, ಅವರ ಅವಸರ ಅವರಿಗೆ. ಇವತ್ತು ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮೇಷ್ಟ್ರು ಮನೆಗೆ.

ಕಪ್ಪುಹಲಗೆಯ ಮೇಲೆ ದಪ್ಪಗೆ 'ಮೂಲ ಆದಾರ' ಎಂದು ಬರೆದು ಮೇಷ್ಟ್ರು ತಿರುಗಿದರು. "ಪುಸ್ತಕ ಮುಚ್ಚಿ ಮಕ್ಕಳೇ! ಇವತ್ತು ಅಸಲಿ ಕಾಗದ. ಯಾರು ಬರೆದ್ರು, ಯಾವಾಗ, ಯಾಕೆ? ಪತ್ತೇದಾರರ ಥರ ಹುಡುಕಬೇಕು" ಎಂದು ಬೆಂಚಿಗೊಂದು ಪತ್ರ ಹಂಚಿಸಿದರು.

ಮುಖ್ಯೋಪಾಧ್ಯಾಯಿನಿಯ ಪಕ್ಕದಲ್ಲೇ ಇದ್ದ ಕನ್ನಡಕದ ಹುಡುಗಿ ಎದ್ದಳು. "ಸರ್, ಇದರಲ್ಲಿ ದೊಡ್ಡ ಮೇಡಂ ವೇದಿಕೆ ಮೇಲೇ ಗೊರಕೆ ಹೊಡೀತಾರೆ ಅಂತಿದೆ! ಸಹಿ ಇಲ್ಲ."

ಹೋದ ತಿಂಗಳು ಗ್ರಂಥಾಲಯದ ದೂರಿನ ಪೆಟ್ಟಿಗೆಗೆ ಮೇಷ್ಟ್ರೇ ಸಹಿಯಿಲ್ಲದೆ ಹಾಕಿದ್ದ ಪತ್ರದಲ್ಲೂ ಇದೇ ಗೊರಕೆಯಿತ್ತು! ಆ ಗ್ರಂಥಪಾಲಕನ ಮನೆ ಹಾಳಾಗ, ಅದನ್ನೂ ಕಟ್ಟಿಗೆ ಸೇರಿಸಿಬಿಟ್ಟನೇ!

"ಅದು... ನೂರು ವರ್ಷ ಹಳೇದಮ್ಮ, ಪಕ್ಕಕ್ಕಿಡು."

"ಇಲ್ಲ ಸರ್, ಬಾಲ್ ಪೆನ್ನಲ್ಲಿ ಬರ್ದಿದ್ದಾರೆ."

"ಮುಂದುವರಿಸಿ ಮೇಷ್ಟ್ರೇ" ಎಂದರು ಮುಖ್ಯೋಪಾಧ್ಯಾಯಿನಿ, ಬಾಯಿಗೆ ಕೈ ಅಡ್ಡ ಹಿಡಿದು. ಸಿಟ್ಟು ನುಂಗುತ್ತಿದ್ದಾರೆಂದು ಮೇಷ್ಟ್ರು ಬೆವತುಹೋದರು.

"ಬರೆದವರಿಗೆ ಮಹಾಪ್ರಾಣವೇ ಬರಲ್ಲ ಸರ್. 'ಮುಕ್ಯೋಪಾದ್ಯಾಯಿನಿ' ಅಂತ ಬರ್ದಿದ್ದಾರೆ!" ಹುಡುಗಿ ಬಿಡುವ ಪೈಕಿ ಅಲ್ಲ. ಅವಳ ಕಣ್ಣು ನಿಧಾನವಾಗಿ ಕಪ್ಪುಹಲಗೆಗೆ ಹೋಯಿತು. ಅದರ ಹಿಂದೆಯೇ ಎಲ್ಲರ ಕಣ್ಣೂ ಅತ್ತ ತಿರುಗಿತು. "ಸರ್... ಅಲ್ಲೂ 'ಆದಾರ' ಅಂತಿದೆ."

ಮೇಷ್ಟ್ರು ಅಂಗಿಯ ತೋಳಿನಿಂದಲೇ ಹಲಗೆ ಒರೆಸಿದರು. ತೋಳು ಬೆಳ್ಳಗಾಯಿತು, ಮುಖವೂ ಬೆಳ್ಳಗಾಯಿತು. ಇನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ.

"ತಪ್ಪಾಯ್ತು ಮೇಡಂ! ನಾನೇ ಬರೆದದ್ದು. ಪೆಟ್ಟಿಗೆಗೆ ಹಾಕಿದ್ದೂ ನಾನೇ. ಹೊಟ್ಟೆಗೆ ಹಾಕ್ಕೊಳ್ಳಿ!"

ಅಲ್ಲಿಯವರೆಗೆ ಕೈಯ ಹಿಂದೆ ಕಿಸಿಕಿಸಿ ನಗುತ್ತಿದ್ದ ಮುಖ್ಯೋಪಾಧ್ಯಾಯಿನಿ ನಗು ನಿಲ್ಲಿಸಿದರು.

"ಏನ್ರೀ ಹೇಳ್ತಿದ್ದೀರಾ? ಇದು ನಾನು ಇದೇ ಶಾಲೇಲಿ ಏಳನೇ ಕ್ಲಾಸಲ್ಲಿದ್ದಾಗ ಬರೆದು ಅದೇ ಪೆಟ್ಟಿಗೆಗೆ ಹಾಕಿದ್ದು, ಆಗಿನ ದೊಡ್ಡ ಮೇಡಂ ಮೇಲೆ. ಪಾಠ ಎಷ್ಟು ಚೆನ್ನಾಗಿತ್ತು ಅಂದ್ರೆ, ಕಾಯಂ ಮಾಡಿ ಅಂತ ಬರೆದೂ ಆಗಿತ್ತು." ಅವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ಅಂದ್ಹಾಗೆ, ನಿಮ್ಮ ಪತ್ರ ಎಲ್ಲಿದೆ ಮೇಷ್ಟ್ರೇ?"

ಮೇಷ್ಟ್ರು ಬಾಯಿ ಬಿಡುವ ಮೊದಲೇ ಕನ್ನಡಕದ ಹುಡುಗಿ ಬಾಗಿಲ ಹತ್ತಿರವಿದ್ದಳು.

"ಬನ್ರೋ, ಹುಡುಕಿ ತರೋಣ!"

ಇಡೀ ತರಗತಿ ಗ್ರಂಥಾಲಯದ ಕಡೆಗೆ ಓಡಿತು.